ಮರಣಾನಂತರದ ಹಾಜರಾತಿ

ನಗರದ ಅಂಗಡಿ ಪರವಾನಗಿ ಕಚೇರಿಯ ಸಮಸ್ತ ನೌಕರರು ಒಂದೇ ಸೋಮವಾರ, ಕರ್ತವ್ಯದ ಮೇಲಿದ್ದಾಗಲೇ, ಮರಣ ಹೊಂದಿದರು ಮತ್ತು ಚಹಾ ಕುಡಿದ ನಂತರ ಎಂದಿನಂತೆ ಹಾಜರಾದರು. ಇದರಿಂದ ಕಚೇರಿಯ ಕೆಲಸಕಾರ್ಯಗಳಿಗೆ ಯಾವುದೇ ಅಡಚಣೆ ಉಂಟಾಗಲಿಲ್ಲ, ಏಕೆಂದರೆ ಕೆಲಸಕಾರ್ಯಗಳು ಅದಕ್ಕೂ ಮೊದಲೇ ನಿಂತಿದ್ದವು.

ಈ ವಿಷಯ ಇಸ್ತ್ರಿ ಅಂಗಡಿಯಾಕೆಗೆ ಗೊತ್ತಿರಲಿಲ್ಲ. ಪಾಪ, ಆಕೆಗೆ ತನ್ನದೇ ಸಂಕಟ ತಲೆ ತುಂಬ ಇತ್ತು. ಹಿಂದಿನ ವಾರ ಕಚೇರಿಯವರು ಬಂದು ಆಕೆಯ ಅಂಗಡಿಗೆ ಬೀಗ ಜಡಿದು ಮುದ್ರೆ ಒತ್ತಿ ಹೋಗಿದ್ದರು. ತಪ್ಪು ಆಕೆಯದಲ್ಲ. ಬೀಗ ಬೀಳಬೇಕಾಗಿದ್ದದ್ದು ಪರವಾನಗಿ ಇಲ್ಲದ ಪಕ್ಕದ ಬಣ್ಣದ ಅಂಗಡಿಗೆ. ಆದರೆ ಅದರ ಮಾಲೀಕ ಸುಳಿವು ಸಿಕ್ಕಿದ್ದೇ ತಡ, ತಾನೇ ಬೀಗ ಹಾಕಿ ಕಂಬಿ ಕಿತ್ತಿದ್ದ. ಬೀಗ ಹಾಕಿರುವ ಅಂಗಡಿಗೆ ಬೀಗ ಹಾಕಲು ನಿಯಮದಲ್ಲಿ ಅವಕಾಶವಿಲ್ಲ. ಬೀಗ ಹಾಕದೆ ವಾಪಸು ಬರಲೂ ಅವಕಾಶವಿಲ್ಲ. ಹಾಗಾಗಿ ಸಿಬ್ಬಂದಿಯವರು ಬಾಗಿಲು ತೆರೆದಿದ್ದ ಅತಿ ಹತ್ತಿರದ ಅಂಗಡಿಯನ್ನು ಮುಚ್ಚಿ ಕರ್ತವ್ಯ ಪೂರೈಸಿದರು.

ಒಳಗೆ ಇಡೀ ಬೀದಿಯ ಬಟ್ಟೆ ಇತ್ತು. ಶಾಲೆಯ ಮೇಷ್ಟರ ಪ್ಯಾಂಟುಗಳು, ಡಾಕ್ಟರಮ್ಮನ ಬಿಳಿ ಕೋಟು, ಮದುವೆ ಗೊತ್ತಾಗಿದ್ದ ಬ್ಯಾಂಕಿನ ಹುಡುಗನ ಹೊಸ ಸೂಟು. ಇಷ್ಟು ದಿನ "ಅಕ್ಕಾ, ಅಕ್ಕಾ" ಎನ್ನುತ್ತಿದ್ದವರೆಲ್ಲ ಈಗ ಆಕೆಯ ಮನೆ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅರ್ಧ ಬೀದಿ ಆಗಲೇ ಹಿಂದಿನ ರಸ್ತೆಯ ಲಾಂಡ್ರಿ ಹಿಡಿದಿತ್ತು. ಬೇಗ ಬೀಗ ತೆಗೆಸದಿದ್ದರೆ ಉಳಿದರ್ಧವೂ ಕೈತಪ್ಪಿ, ಆಕೆ ಕಷ್ಟಪಟ್ಟು ಕಟ್ಟಿಕೊಂಡ ಅಂಗಡಿ ಮಣ್ಣುಪಾಲಾಗುವುದು ಖಂಡಿತ. ಬೀಗ ತೆಗೆಯಲು ಬೇಕಾಗಿದ್ದದ್ದು ಅಧಿಕಾರಿಯ ಒಂದು ಸಹಿ, ಅಷ್ಟೇ.

ಕಚೇರಿಯ ಬಾಗಿಲಲ್ಲೇ ಜವಾನ ತಡೆದ.

"ಸಾಹೇಬ್ರು ತೀರ್ಕೊಂಡಿದ್ದಾರೆ."

"ಅಯ್ಯೋ ದೇವರೇ! ಯಾವಾಗಪ್ಪಾ?"

"ಈಗ ತಾನೆ. ಆರನೇ ಮಹಡೀಲಿ."

"ಈ ಕಟ್ಟಡಕ್ಕೆ ಇರೋದೇ ಎರಡು ಮಹಡಿ ಅಲ್ವಾ?"

"ಕೂತ್ಕೊಳ್ಳಿ ಅಕ್ಕಾ. ಟೀ ಕುಡ್ಕೊಂಡು ಬರ್ತಾರೆ."

ಆಕೆ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಧಿಕಾರಿಗಳು ತುಟಿ ಒರೆಸಿಕೊಳ್ಳುತ್ತ ಬಂದು ಕಂಪ್ಯೂಟರ್ ಮುಂದೆ ಕೂತರು. ತೀರಿಕೊಂಡವರ ಮುಖದಲ್ಲಿ ಅಂಥ ಕಳೆಯನ್ನು ಆಕೆ ಎಂದೂ ಕಂಡಿರಲಿಲ್ಲ.

ನಡೆದದ್ದು ಇಷ್ಟು. ನೌಕರರಲ್ಲಿ ತೀರ್ಮಾನ ಕೈಗೊಳ್ಳುವ ಶಕ್ತಿ ಕುಂದಿದೆ ಎಂದು ಮೇಲಿನ ಕಚೇರಿಗೆ ಅನ್ನಿಸಿ, ಎಲ್ಲರಿಗೂ ಕಂಪ್ಯೂಟರಿನಲ್ಲಿ ತರಬೇತಿ ಕೊಡಿಸಲು ಆದೇಶವಾಗಿತ್ತು. ಗುತ್ತಿಗೆ ಹಿಡಿದವನು ತರಬೇತಿಯನ್ನು ಕೊಳ್ಳುವ ಖರ್ಚು ಉಳಿಸಿ, ತನ್ನ ಭಾಮೈದ ಹಗಲೂ ರಾತ್ರಿ ಆಡುತ್ತಿದ್ದ ಕಾರ್ಡಿನ ವಿಡಿಯೋ ಗೇಮೊಂದನ್ನು ಎಲ್ಲ ಕಂಪ್ಯೂಟರಿಗೂ ತುಂಬಿ ಬಿಲ್ಲು ಮಾಡಿಸಿಕೊಂಡ. ಅದರಲ್ಲೊಂದು ಗೋಪುರ. ಶುರುವಿನಲ್ಲಿ ಕೈಗೆ ಕೊಡುವುದು ನಾಲ್ಕಾರು ದರಿದ್ರ ಕಾರ್ಡು. ಮಹಡಿಗೊಬ್ಬ ರಾಕ್ಷಸ. ಹೊಡೆಯುವ ಕಾರ್ಡು, ತಡೆಯುವ ಕಾರ್ಡು ಎಸೆದು ಅವನನ್ನು ಕೆಡವಿದರೆ ಮೂರು ಹೊಸ ಕಾರ್ಡು ತೋರಿಸುತ್ತದೆ, ಒಂದನ್ನು ಆರಿಸಿಕೊಳ್ಳಬೇಕು. ಹೀಗೆ ಕಾರ್ಡಿನ ಕಟ್ಟು ಬೆಳೆಸುತ್ತ ಗೋಪುರದ ತುದಿ ಮುಟ್ಟಬೇಕು. ನಡುವೆ ಸತ್ತರೆ ಗಳಿಸಿದ್ದೆಲ್ಲ ಗೋವಿಂದ. ಮತ್ತೆ ನೆಲಮಹಡಿ, ಮತ್ತೆ ಅದೇ ದರಿದ್ರ ಕಾರ್ಡು. ಆದರೆ ದಾರಿ ಬೇರೆ, ರಾಕ್ಷಸರು ಬೇರೆ, ಸಿಗುವ ಕಾರ್ಡುಗಳೂ ಬೇರೆ.

"ಇದು ಆಟ ಅಲ್ವಾ ಸಾರ್?" ಎಂದು ಲೆಕ್ಕದ ಗುಮಾಸ್ತ ಒಬ್ಬನೇ ಕೇಳಿದ್ದ.

"ಬಿಲ್ಲು ಪಾಸಾಗಿದೆ ಕಣಯ್ಯಾ. ಬಿಲ್ಲು ಪಾಸಾದ ಮೇಲೆ ಅದು ಆಟ ಹೇಗಾಗುತ್ತೆ?" ಎಂದಿದ್ದರು ಅಧಿಕಾರಿಗಳು. ಗುಮಾಸ್ತನಿಗೆ ಈ ವಾದದಲ್ಲಿ ಯಾವ ಲೋಪವೂ ಕಾಣಲಿಲ್ಲ.

ಆದೇಶದ ಕೊನೆಯ ಸಾಲು ಹೀಗಿತ್ತು: ತರಬೇತಿ ಪೂರ್ಣಗೊಳಿಸದ ನೌಕರರು ಯಾವುದೇ ಕಾಗದಕ್ಕೆ ಸಹಿ ಮಾಡತಕ್ಕದ್ದಲ್ಲ. ಗೋಪುರದ ತುದಿ ಮುಟ್ಟಿದವರು ಇನ್ನೂ ಯಾರೂ ಇರಲಿಲ್ಲ.

ಆಕೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಗೋಡೆಗೆ ಅಂಟಿಸಿದ್ದ ಸುತ್ತೋಲೆ ಓದಿದಳು. "ಗೋಪುರದಲ್ಲಿ ಮರಣ ಹೊಂದುವ ನೌಕರರು ಒಂದು ಲೋಟ ಚಹಾದ ಅವಧಿಯ ಮರಣ ರಜೆಗೆ ಅರ್ಹರಾಗಿರುತ್ತಾರೆ. ಒಂದೇ ದಿನ ಪದೇ ಪದೇ ಮರಣ ಹೊಂದುವವರು ಪ್ರತಿ ಮರಣಕ್ಕೂ ಪ್ರತ್ಯೇಕ ರಜೆ ಪಡೆಯಬಹುದು. ಸಾರ್ವಜನಿಕರು ಬಾಗಿಲಲ್ಲಿ ಕಾಣಿಸಿಕೊಂಡ ಕಾರಣ ನೌಕರರ ಗಮನ ಚದುರಿ ಮರಣ ಸಂಭವಿಸಿದಲ್ಲಿ, ಸದರಿ ಸಾರ್ವಜನಿಕರು ಪುನರ್ಜನ್ಮ ಶುಲ್ಕವನ್ನು ಸ್ಥಳದಲ್ಲೇ ಪಾವತಿಸತಕ್ಕದ್ದು. ರಸೀದಿ ಕೇಳಿ ಗಮನ ಚದುರಿಸಿದಲ್ಲಿ ಶುಲ್ಕ ಇಮ್ಮಡಿ."

ಓದಿ ಮುಗಿಸುವಷ್ಟರಲ್ಲಿ ಒಳಗಿನಿಂದ "ಥೂ!" ಎಂಬ ಸದ್ದು ಬಂತು.

"ಮೂರನೇ ಮಹಡಿ," ಎಂದು ಜವಾನ ತಲೆತಗ್ಗಿಸಿ ಸಂತಾಪ ಸೂಚಿಸಿದ. ಆಮೇಲೆ ಕೈ ಚಾಚಿದ. ಆಕೆ ತೆತ್ತಳು. ರಸೀದಿ ಕೇಳಲಿಲ್ಲ.

ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಬಾಗಿಲಲ್ಲಿ ಕಾಣಿಸಿಕೊಂಡರೆ ತಾನೆ ಶುಲ್ಕ ಎಂದು ಹೊಳೆದ ದಿನ ನೇರ ಒಳಗೆ ನುಗ್ಗಿ ಅಧಿಕಾರಿಯ ಬೆನ್ನ ಹಿಂದೆ ನಿಂತುಬಿಟ್ಟಳು. ಬೆನ್ನ ಹಿಂದೆ ನಿಲ್ಲುವ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

"ಸಾರ್, ನನ್ನ ಅಂಗಡಿ..."

"ಶ್! ಈಗ ಹೊಡೆಯೋ ಕಾರ್ಡು ಹಾಕ್ಲಾ, ತಡೆಯೋದು ಹಾಕ್ಲಾ?"

ಪರದೆಯ ಮೇಲೆ ಮೂರು ತಲೆಯ ಪ್ರಾಣಿಯೊಂದು ಹಲ್ಲು ಮಸೆಯುತ್ತಿತ್ತು. ಆಕೆಗೆ ಅಧಿಕಾರಿಯ ಮೇಲೆ ಎಷ್ಟು ಹೊಟ್ಟೆ ಉರಿದಿತ್ತೆಂದರೆ, ಅದು ಇವರನ್ನು ನುಂಗಿ ನೀರು ಕುಡಿಯಲಿ ಅನ್ನಿಸಿತು. ಆದರೆ ಇವರು ಸತ್ತರೆ ಸಹಿ ಹಾಕುವವರು ಯಾರು? "ತಡೆಯೋದು ಹಾಕಿ ಸಾರ್," ಎಂದಳು. ಅಧಿಕಾರಿಗಳು ಹಾಕಿದರು, ಬದುಕಿದರು. ಆಗ ಮೊದಲ ಸಲ ತಿರುಗಿ ಆಕೆಯ ಮುಖ ನೋಡಿದರು.

"ನಿಮ್ಮ ಅಂಗಡಿಗೆ ಬೀಗ ಬಿದ್ದಿದೆ ಅಂದ್ರಲ್ಲ. ಹಾಗಾದ್ರೆ ಬೇರೆ ಕೆಲಸ ಏನಿಲ್ಲ ತಾನೆ? ಇಲ್ಲೇ ಇರಿ."

ಅಂದಿನಿಂದ, ಬೀಗಮುದ್ರೆ ಬಿದ್ದ ಅಂಗಡಿಯವರು ಮಾತ್ರ ಒಳಗೆ ನಿಲ್ಲಬಹುದು ಎಂಬ ನಿಯಮ ಜಾರಿಗೆ ಬಂತು. ಅಂಥ ಅಂಗಡಿ ಸದ್ಯಕ್ಕೆ ಆಕೆಯದೊಂದೇ.

"ಇಷ್ಟು ಸಲ ಸತ್ರೂ ಬೇಜಾರಾಗಲ್ವಾ ಸಾರ್?" ಎಂದು ಒಂದು ದಿನ ಆಕೆ ಕೇಳಿಯೇಬಿಟ್ಟಳು.

"ಬೇಜಾರಾ? ಈ ಕುರ್ಚೀಲಿ ಕೂತು ಕೂತು ನನ್ನ ತಲೆ ಬೆಳ್ಳಗಾಯ್ತು ಅಕ್ಕಾ. ಬೆಳಿಗ್ಗೆ ಬರುವಾಗಲೇ ಸಂಜೆತನಕ ಏನಾಗುತ್ತೆ ಅಂತ ಗೊತ್ತಿರುತ್ತೆ. ಇಲ್ಲಿ ಹಾಗಲ್ಲ. ಮುಂದಿನ ಬಾಗಿಲ ಹಿಂದೆ ಏನಿದೆಯೋ ಯಾರಿಗೆ ಗೊತ್ತು? ಸತ್ತಾಗಲೂ, ಛೇ, ಆ ವಿಷದ ಕಾರ್ಡು ತಗೊಂಡಿದ್ರೆ ಗೆದ್ದೇಬಿಡ್ತಿದ್ದೆ ಅನ್ಸುತ್ತೆ. ನನ್ನ ಇಡೀ ಸರ್ವೀಸಲ್ಲಿ, ಇನ್ನೊಂದ್ಸಲ ಮಾಡೋಣ ಅಂತ ನನಗೆ ಅನ್ನಿಸಿದ ಕೆಲಸ ಇದೊಂದೇ."

ಬೆವರು ಸುರಿಸಿ ನೀಟಾಗಿ ಮಡಿಸಿ ಕೊಟ್ಟ ಅಂಗಿ ನಾಲ್ಕು ದಿನಕ್ಕೆ ಅದೇ ಮುದುರಿನೊಂದಿಗೆ ವಾಪಸು ಬರುವುದನ್ನು ಆಕೆ ಮದುವೆಯಾದಾಗಿನಿಂದ ನೋಡಿಕೊಂಡು ಬಂದಿದ್ದಳು. ಅದರಲ್ಲಿ ಯಾವ ಬಾಗಿಲೂ ಇರಲಿಲ್ಲ.

ಆ ಸಂಜೆ ಗಂಡ ಊಟಕ್ಕೆ ಕೂತು ಬೀದಿಯ ಬೈಗುಳವನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. "ಕೋಟಿಲ್ದೆ ಹೋಗಿದ್ದಕ್ಕೆ ರೋಗಿಗಳು ಡಾಕ್ಟರಮ್ಮಂಗೇ ಸಾಲಲ್ಲಿ ನಿಲ್ಲಿ ಅಂದ್ರಂತೆ. ಬ್ಯಾಂಕಿನ ಹುಡುಗ ಮದುವೇನೇ ಮುಂದಕ್ಕೆ ಹಾಕಿದ್ದಾನೆ. ಕೇಳಿಸ್ತಾ ಇದೆಯೇನೇ?"

"ಹ್ಞೂಂ," ಎಂದಳು ಆಕೆ. "ವಿಷ ತಗೋಬೇಕಾಗಿತ್ತು."

ಗಂಡನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹಾಗೆಲ್ಲ ಅನ್ಬೇಡ್ವೇ. ಒಂದು ಬೀಗ ತಾನೆ? ಇವತ್ತಲ್ಲ ನಾಳೆ ತೆಗೀತಾರೆ," ಎಂದು ಬೆನ್ನು ಸವರಿದ. ಆಮೇಲೆ ಬೀದಿಯ ಸುದ್ದಿ ಎತ್ತಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅಧಿಕಾರಿಗಳು ಗೋಪುರದ ತುದಿ ಮುಟ್ಟಿದರು. ಇಡೀ ಕಚೇರಿ ಬೆನ್ನ ಹಿಂದೆ ಮುಗಿಬಿದ್ದಿತ್ತು. ಆಕೆ ಹೇಳಿದ ಕಾರ್ಡನ್ನು ಅಧಿಕಾರಿಗಳು ಹಾಕಲಿಲ್ಲ. ಜವಾನ ಹೇಳಿದ್ದನ್ನೂ ಹಾಕಲಿಲ್ಲ. ಕೈ ಜಾರಿ ಬೇರೊಂದು ಬಿತ್ತು, ರಾಕ್ಷಸ ಉರುಳಿದ. ಲೆಕ್ಕದ ಗುಮಾಸ್ತ ಅತ್ತೇಬಿಟ್ಟ. ಜವಾನ ಸಾಹೇಬರನ್ನು ತಬ್ಬಿಕೊಂಡು, ತಕ್ಷಣ ಕ್ಷಮೆ ಕೇಳಿದ. ಪೆನ್ನು ಒಣಗಿಹೋಗಿತ್ತು, ಹೊಸದು ತರಿಸಿದರು. ಬೀಗ ತೆಗೆಯುವ ಆದೇಶ ಮೇಜಿನ ಮೇಲೆ ಬಂತು.

ಆಗ ಪರದೆ ಮಿನುಗಿತು. ಗೋಪುರದ ಎರಡನೇ ಶ್ರೇಣಿ ತೆರೆದಿದೆ, ಇಲ್ಲಿ ರಾಕ್ಷಸರು ಇನ್ನೂ ಬಲಶಾಲಿಗಳು, ಪ್ರವೇಶಿಸುವಿರಾ?



"ಹಾಗಾದ್ರೆ ತರಬೇತಿ ಪೂರ್ಣ ಆಯ್ತೋ, ಇಲ್ವೋ?" ಎಂದ ಗುಮಾಸ್ತ.

ಅಧಿಕಾರಿಗಳು ಪೆನ್ನು ಹಿಡಿದೇ ಆಕೆಯತ್ತ ತಿರುಗಿದರು. ಕೆಟ್ಟ ಮನುಷ್ಯರಲ್ಲ ಅವರು. "ನೀವೇ ಹೇಳಿ ಅಕ್ಕಾ. ಆಯ್ತು ಅನ್ನಿ, ಈಗಲೇ ಗೀಚ್ತೀನಿ, ಸಂಜೆಯೊಳಗೆ ಬೀಗ ತೆಗೀತಾರೆ. ಆದರೆ ತರಬೇತಿ ಮುಗೀತು ಅಂತ ಮೇಲಕ್ಕೆ ತಿಳಿಸ್ಬೇಕಾಗುತ್ತೆ. ನಾಳೆ ಬಂದು ಇದನ್ನೆಲ್ಲ ಅಳಿಸಿ ಹೋಗ್ತಾರೆ."

ಆಕೆ ಆದೇಶ ನೋಡಿದಳು. ಸಂಜೆಗೇ ಇಸ್ತ್ರಿ ಪೆಟ್ಟಿಗೆ ಕಾಯಿಸಬಹುದು. ಕೋಟು, ಸೂಟು, ಪ್ಯಾಂಟು ಮನೆಮನೆಗೆ ಮುಟ್ಟಿಸಿ ಕ್ಷಮೆ ಕೇಳಿದರೆ ಅರ್ಧ ಬೀದಿಯಾದರೂ ವಾಪಸು ಬಂದೀತು. ಇದಕ್ಕಾಗಿಯೇ ಅಲ್ಲವೇ ಇಷ್ಟು ದಿನ ಅಲೆದದ್ದು? ಆಮೇಲೆ ಪರದೆ ನೋಡಿದಳು. ಎರಡನೇ ಶ್ರೇಣಿಯವರಿಗೆಂದು ಹೊಸ ಕಾರ್ಡೊಂದು ಮಿಣಮಿಣ ಎನ್ನುತ್ತಿತ್ತು, ಅದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಆಕೆಗೆ ತುಂಬ ನಾಚಿಕೆಯಾಯಿತು. ನಾಚಿಕೆ ಒಂದು ಗಳಿಗೆ ಇದ್ದು ಹೋಯಿತು.

"ಅರೆಬರೆ ತರಬೇತೀಲಿ ಹಾಕಿದ ಸಹಿ ಊರ್ಜಿತ ಆಗುತ್ತಾ ಸಾರ್? ನಾಳೆ ಯಾರಾದ್ರೂ ತಕರಾರು ತೆಗೆದ್ರೆ?"

ಅಷ್ಟು ಶುದ್ಧವಾದ ಕಚೇರಿ ಮಾತನ್ನು ಸಾರ್ವಜನಿಕರೊಬ್ಬರ ಬಾಯಲ್ಲಿ ಅಲ್ಲಿ ಯಾರೂ ಕೇಳಿರಲಿಲ್ಲ. ಅಧಿಕಾರಿಗಳು ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಇನ್ನೊಂದು ಕೈ ಆಗಲೇ ಎರಡನೇ ಶ್ರೇಣಿಯ ಬಾಗಿಲು ಒತ್ತಿತ್ತು.

ಮರುದಿನ ಗಂಡ ಬೀದಿಯವರನ್ನೆಲ್ಲ ಕಟ್ಟಿಕೊಂಡು ಕಚೇರಿಗೆ ನುಗ್ಗಿದ. ಮೇಷ್ಟರು ಭಾವನ ಪ್ಯಾಂಟು ತೊಟ್ಟು, ಸೊಂಟ ಹಿಡಿದುಕೊಂಡೇ ಬಂದಿದ್ದರು.

"ಸಹಿ ಆಯ್ತೇನೇ?"

"ಆಗ್ತಾ ಇದೆ, ಸುಮ್ಮನಿರಿ. ಸಾಹೇಬ್ರ ಜೀವ ಹೋಗುತ್ತೆ."

ಗಂಡ ಇನ್ನೇನೋ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟರು ಪರದೆಯತ್ತ ಬಗ್ಗಿ, "ಅಲ್ಲಾ, ಆ ಗುರಾಣಿ ಕಾರ್ಡು ಯಾಕೆ ಬಿಟ್ರಿ?" ಎಂದರು. ಗಂಡನೂ ಬಗ್ಗಿ ನೋಡಿದ. ಬೀಗ ಬೀಳದವರು ಒಳಗೆ ನಿಲ್ಲುವಂತಿಲ್ಲ ಎಂದು ಜವಾನ ಎಲ್ಲರನ್ನೂ ಹೊರಗೆ ಕಳಿಸಿದಾಗ ಗಂಡನನ್ನು ಮಾತ್ರ ಬಿಟ್ಟ, ಅಂಗಡಿ ಅವನದೂ ಹೌದಾದ್ದರಿಂದ. ಉಳಿದವರು ಅವನನ್ನು ಅಸೂಯೆಯಿಂದ ನೋಡಿದರು.

ವಾರದೊಳಗೆ ಬೀದಿಯ ಕ್ಷೌರದಂಗಡಿಯವನು ಸ್ವಂತ ಖರ್ಚಿನಲ್ಲಿ ದೊಡ್ಡದೊಂದು ಬೀಗ ಕೊಂಡು ತಂದು, ದಯವಿಟ್ಟು ತನ್ನ ಅಂಗಡಿಗೂ ಮುದ್ರೆ ಒತ್ತಬೇಕೆಂದು ಕೋರಿದ. ಅವನ ಹಿಂದೆ ಬೇಕರಿಯವನು, ಅವನ ಹಿಂದೆ ಡಾಕ್ಟರಮ್ಮ ನಿಂತಿದ್ದರು. ಮುದ್ರೆ ಒತ್ತಲೂ ಅಧಿಕಾರಿಗಳ ಸಹಿ ಬೇಕು, ಸಹಿಗೆ ತರಬೇತಿ ಪೂರ್ಣಗೊಳ್ಳಬೇಕು ಎಂದು ಅವರಿಗೆ ತಿಳಿಸಲಾಯಿತು.

"ಪರವಾಗಿಲ್ಲ ಬಿಡಿ, ಕಾಯ್ತೀವಿ," ಎಂದರು. ಮತ್ತು ಕಿಟಕಿಯಿಂದ ಪರದೆ ಚೆನ್ನಾಗಿ ಕಾಣುವ ಕಡೆ ಜಾಗ ಮಾಡಿಕೊಂಡು ನಿಂತರು.