ಮೆಲ್ಲಕ ಹೇಳ್ರಿ, ಆಧಾರ್ ನಂಬರು!

ಆಧಾರ್ ಕೌಂಟರಿನಲ್ಲಿ ಕೂತವರಿಗೆ ನಗುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಆದರೆ ಅವು ನಡೆಯುವ ಹೊತ್ತಿಗೆ ನನಗೆ ನಗು ಬರುವುದಿಲ್ಲ, ಬೆವರು ಬರುತ್ತದೆ. ನನ್ನ ಸಂಸಾರ ರಾಣೆಬೆನ್ನೂರಿನಲ್ಲಿ, ಆಫೀಸು ಹಾವೇರಿಯಲ್ಲಿ. ನಡುನಡುವೆ ಮಷಿನ್ ಪೆಟ್ಟಿಗೆ ಹೊತ್ತು ಊರೂರಿನ ಶಿಬಿರಕ್ಕೆ ಹೋಗಬೇಕು. ಮಂದಿಯ ಮಾಹಿತಿ ನನ್ನ ಕೈಯಲ್ಲಿ. ಒಂದು ಚೂರು ಎಡವಟ್ಟಾದರೂ ಮಷಿನ್ನಿನಲ್ಲಿ ನನ್ನ ಐಡಿ ಬಂದ್, ಐಡಿ ಬಂದ್ ಆದರೆ ನೌಕರಿ ಬಂದ್. ನಮ್ಮ ಮನೆಯವರ ಹೊಲಿಗೆ ಅಂಗಡಿ ನಡೆಯುವುದು ಹಬ್ಬದ ಮುಂದೆ ಮಾತ್ರ. ಉಳಿದ ದಿನ ಒಲೆ ಉರಿಯುವುದು ನನ್ನ ಪಗಾರದ ಮೇಲೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೂ ನನ್ನ ಬಾಯಲ್ಲಿ ಒಂದೇ ಮಾತು: "ಮೆಲ್ಲಕ ಹೇಳ್ರಿ." ನಮ್ಮ ಕಡೆಯ ಮಂದಿಗೆ ಬೇರೆ ಎಲ್ಲಾ ಬರುತ್ತದೆ, ಅದೊಂದು ಬರುವುದಿಲ್ಲ.

ಸಾಹುಕಾರರ ಓಟಿಪಿ

ರಾಣೆಬೆನ್ನೂರಿನ ಅರಿವೆ ಅಂಗಡಿಯ ಸಾಹುಕಾರರೊಬ್ಬರು ವಿಳಾಸ ಬದಲಿಸಲು ಬಂದರು. ಓಟಿಪಿ ಬರುವ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದರು. ಪಕ್ಕದವರ ಫೋನು ಇಸಿದುಕೊಂಡು, ಸ್ಪೀಕರ್ ಹಾಕಿ ಹೆಂಡತಿಗೆ ಹಚ್ಚಿದರು.

"ಸಾಹುಕಾರ್ರ, ಸ್ಪೀಕರ್ ಬಂದ್ ಮಾಡ್ರಿ. ಆ ನಂಬರು ಯಾರಿಗೂ ಹೇಳಬಾರದ್ರಿ," ಎಂದೆ.

"ನನಗ ಕಿವಿ ಮಂದ ಅದಾವ್ರಿ ಅಕ್ಕಾರ," ಎಂದು ದನಿ ಇನ್ನಷ್ಟು ಏರಿಸಿದರು.

ಆ ಕಡೆಯಿಂದ ಹೆಂಡತಿ ಒಂದೊಂದೇ ಅಂಕಿ ಕೂಗಿದರು. ಸಾಹುಕಾರರು ನನ್ನ ಕಡೆ ತಿರುಗುವಷ್ಟರಲ್ಲಿ ಕಡೆಯದನ್ನು ಮರೆತರು. ಸಾಲಿನಲ್ಲಿ ನಿಂತವರೆಲ್ಲ ಒಂದೇ ದನಿಯಲ್ಲಿ ನೆನಪಿಸಿದರು. ಇದು ಊರಿಗೆಲ್ಲ ಗೊತ್ತಾಯಿತು, ನಡೆಯುವುದಿಲ್ಲ, ಹೊಸದು ತರಿಸೋಣ, ಈ ಸಲ ಮಾತ್ರ ಯಾರಿಗೂ ಹೇಳಬಾರದು ಎಂದು ಕೈಮುಗಿದು ಹೇಳಿದೆ. ಸಾಹುಕಾರರಿಗೆ ತಪ್ಪಿನ ಅರಿವಾಯಿತು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಪೆನ್ನು ಕೇಳಿ, ಅಂಗೈ ಮೇಲೆ ಬರೆದುಕೊಂಡರು. ನನಗೂ ಜೀವ ಬಂದ ಹಾಗಾಯಿತು.

ಆಮೇಲೆ ಸಾಲಿನ ಕಡೆ ತಿರುಗಿ, ಅಂಗೈ ಮೇಲೆತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ಅಕ್ಕಾರು ಹೇಳಿದಂಗ ಈ ಸಲ ಒಬ್ಬರಿಗೂ ಹೇಳಿಲ್ಲ!"

ಭಾಂಡೆಯ ತಳದಲ್ಲಿ

ಐರಣಿ ಕಡೆಯ ಹೆಣ್ಣುಮಗಳೊಬ್ಬಳು ಮೊಬೈಲ್ ನಂಬರು ಸೇರಿಸಲು ಬಂದಳು. ಕಾರ್ಡು ತಂದಿರಲಿಲ್ಲ.

"ಆಧಾರ್ ನಂಬರು ನೆನಪೈತೇನು?" ಎಂದು ಕೇಳಿದೆ.

"ನೆನಪ್ಯಾಕ ಬೇಕ್ರಿ?" ಎಂದವಳೇ ಚೀಲದಿಂದ ಬುತ್ತಿಯ ಸ್ಟೀಲ್ ಡಬ್ಬಿ ತೆಗೆದು ಬೋರಲು ಹಾಕಿದಳು. ತಳದಲ್ಲಿ ಹೆಸರು ಕೊರೆಯುವ ಜಾಗದಲ್ಲಿ ಹನ್ನೆರಡೂ ಅಂಕಿ, ಚುಕ್ಕಿ ಚುಕ್ಕಿಯಾಗಿ ಮುದ್ದಾಗಿ ಕೊರೆದಿದ್ದವು.

ನಾನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವಳೇ ಬಿಡಿಸಿ ಹೇಳಿದಳು. ಅವಳ ಹೆಸರೂ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಹೆಸರೂ ಒಂದೇ, ಮನೆತನದ ಹೆಸರಂತೂ ಒಂದೇ. ಪಾತ್ರೆ ಭಾಂಡೆಗಳ ಮೇಲೆ ಹೆಸರು ಕೊರೆಸಿದರೂ ಯಾರದು ಯಾವುದೆಂದು ದಿನವೂ ಜಗಳ. ಬೇಸತ್ತ ಮಾವ ಇಬ್ಬರ ಭಾಂಡೆಗಳನ್ನೂ ಆಧಾರ್ ಕಾರ್ಡುಗಳನ್ನೂ ಅಂಗಡಿಗೆ ಒಯ್ದು ಎಲ್ಲಕ್ಕೂ ನಂಬರು ಕೊರೆಸಿಕೊಂಡು ಬಂದನಂತೆ.

"ಅವ್ವಾ, ಈ ನಂಬರು ಹಿಂಗ ಮಂದಿ ಕಣ್ಣಿಗೆ ಬೀಳಬಾರದು. ಖಾಸಗಿ ಇದು," ಎಂದು ಬೇಡಿಕೊಂಡೆ.

"ಮಂದಿ ಯಾಕ ನೋಡ್ತಾರ್ರಿ? ತಳದಾಗ ಐತಲ್ಲ!"

ಅಷ್ಟರಲ್ಲಿ ಹಿಂದೆ ನಿಂತ ಹೆಂಗಸು ಕತ್ತು ಚಾಚಿ ನೋಡಿ ಚೀರಿದಳು. "ಅಯ್ಯ, ಈ ನಂಬರಿನ ಹಿಟ್ಟು ನಾದೂ ಪರಾತ ನಮ್ಮ ಮನ್ಯಾಗ ಐತಿ! ಸೀಮಂತದಾಗ ಒಯ್ದಿದ್ವಿ. ಹಂಗಾರ ಅದು ನಿಂದೇನು?"

ಪೂರ್ತಿ ಗುಪ್ತ

ಹಾವೇರಿಯಲ್ಲಿ ಒಬ್ಬರು ನಿವೃತ್ತ ಗುಮಾಸ್ತರು ಸಿಕ್ಕರು. ಕಾರ್ಡಿನ ಝೆರಾಕ್ಸ್ ಕೊಡುವಾಗ ನಂಬರು ಮುಚ್ಚಿ ಕೊಡಬೇಕೆಂದು ಅವರಿಗೆ ಯಾರೋ ಹೇಳಿದ್ದರು. ಕಡೆಗೂ ನನ್ನ ಹಾಗೆ ಅಂಜುವ ಜೀವವೊಂದು ಸಿಕ್ಕಿತಲ್ಲ ಎಂದು ನನಗೆ ಖುಷಿಯೋ ಖುಷಿ. ಝೆರಾಕ್ಸ್ ಕೈಗೆ ಬಂದಾಗ ನೋಡಿದೆ. ನಂಬರಿಗೆ ಮಸಿ ಬಳಿದಿದ್ದರು. ಹುಟ್ಟಿದ ತಾರೀಖಿಗೂ, ವಿಳಾಸಕ್ಕೂ, ಹೆಸರಿಗೂ ಬಳಿದಿದ್ದರು. ಫೋಟೋದಲ್ಲಿ ಒಂದು ಕಿವಿ ಮಾತ್ರ ಉಳಿದಿತ್ತು.

"ಸರ್, ಇದರಾಗ ನೀವು ಯಾರು ಅಂತ ಹೆಂಗ ತಿಳೀಬೇಕ್ರಿ?"

ಅವರು ಅತ್ತಿತ್ತ ನೋಡಿ, ಹತ್ತಿರ ಬಾಗಿ, ಪಿಸುಗುಟ್ಟಿದರು. "ತಿಳೀಬಾರದಂತನ ಇಡೀ ಮುಂಜಾನಿ ಕುಂತು ಬಳದೇನ್ರಿ."

ನಾನು ನಾನೇ

ಇನ್ನು ಬ್ಯಾಡಗಿಯದು. ಬ್ಯಾಡಗಿ ನನ್ನ ತವರು. ಶಿಬಿರದ ಕಡೆಯ ದಿನ, ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದ, ನಮ್ಮ ಅವ್ವನ ಓಣಿಯ ಅಜ್ಜಿಯೊಬ್ಬಳು ನೇರ ಕೆಲಸದಿಂದಲೇ ಎದ್ದು ಬಂದಳು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದದೆ ಅವಳ ಅಕ್ಕಿ ನಿಂತಿತ್ತು. ಬೆರಳೋ ಕಣ್ಣೋ ಹೊಸದಾಗಿ ಕೊಟ್ಟು ಬಾ ಎಂದು ಕಳಿಸಿದ್ದರು.

"ಮಗಳ ಮನ್ಯಾಗ ಉಣ್ಣಾಕತ್ತೇನವ್ವಾ. ಅಳಿಯನ ಮಾರಿ ನೋಡ್ಕೋತ ತುತ್ತು ಇಳಿಯೂದಿಲ್ಲ," ಎಂದಳು.

ಒಂದೊಂದೇ ಬೆರಳು ಹಿಡಿದು ಒತ್ತಿದೆ, ಒರೆಸಿದೆ, ಮತ್ತೆ ಒತ್ತಿದೆ. ಗೆರೆಗಳೇ ಸವೆದಿದ್ದವು. ಕಣ್ಣಿಗೆ ಮಷಿನ್ ಹಿಡಿದೆ, ಪಟ್ಟನೆ ಬಂತು. ಖಾರಕ್ಕೆ ಪಳಗಿದ ಕಣ್ಣು, ರೆಪ್ಪೆ ಸಹ ಬಡಿಯಲಿಲ್ಲ. ನಾನು ಸಮಾಧಾನದಿಂದ ಮುಖ ಒರೆಸಿಕೊಂಡೆ. ಅವಳ ಕೈಯ ಖಾರವೆಲ್ಲ ನನ್ನ ಕೈಯಲ್ಲಿತ್ತು ಎಂಬುದು ಆಮೇಲೆ ಹೊಳೆಯಿತು.

ಪ್ರತಿ ಅರ್ಜಿಯ ಕಡೆಗೆ, ಕೂತಿರುವವಳು ನಾನೇ ಎಂದು ನಾನೂ ಬೆರಳನ್ನೋ ಕಣ್ಣನ್ನೋ ಕೊಡಬೇಕು. ಉರಿಯುವ ಬೆರಳು ಬೆವರಿಗೆ ಜಾರಿತು. ಮಷಿನ್ ಒಲ್ಲೆ ಎಂದಿತು. ಕಣ್ಣು ಕೊಟ್ಟೆ. ದಳದಳ ನೀರು. ಅದಕ್ಕೂ ಒಲ್ಲೆ ಎಂದಿತು. ಮತ್ತೆ ಮತ್ತೆ ಕೊಟ್ಟೆ. ಅಷ್ಟರಲ್ಲಿ ಹಾವೇರಿಯಿಂದ ನಮ್ಮ ಆಫೀಸಿನ ಸಾಹೇಬರ ಫೋನು. ನನ್ನ ಕೈ ಉರಿಯುತ್ತಿತ್ತೆಂದು ಸಾಲಿನಲ್ಲಿ ಅಜ್ಜಿಯ ಹಿಂದೆ ನಿಂತವಳು ಗುಂಡಿ ಒತ್ತಿ ಸ್ಪೀಕರ್ ಹಾಕಿದಳು.

"ಮೇಡಂ ಅವರ ಐಡ್ಯಾಗ ಯಾರ್ರಿ ಕುಂತಾರ? ಇಲ್ಲಿ ಬ್ಯಾರೆಯವರು ಅಂತ ತೋರಸಾಕತ್ತೈತಿ."

"ನಾನ ರಿ ಸರ್," ಎಂದೆ. ಘಾಟಿಗೆ ಗಂಟಲು ಕಟ್ಟಿ ಗಂಡಸಿನ ದನಿ ಹೊರಟಿತು.

"ನೀ ಯಾರಪಾ? ಮೇಡಂ ದನಿ ನನಗ ಗೊತ್ತಿಲ್ಲೇನು? ತಡಿ, ಈಗ ಐಡಿ ಬಂದ್ ಮಾಡ್ತೇನಿ."

ಬೆರಳು ನನ್ನದಲ್ಲ, ಕಣ್ಣು ನನ್ನದಲ್ಲ, ಈಗ ದನಿಯೂ ನನ್ನದಲ್ಲ. ನನ್ನ ನೌಕರಿ ಹೋಯಿತು, ಅಜ್ಜಿಯ ಅಕ್ಕಿಯೂ ಹೋಯಿತು. ಅಳು ಬಂದಿತ್ತು, ಹೇಗೂ ಅಳುತ್ತಲೇ ಇದ್ದೆನಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಗ ತವರಿನ ಮಂದಿ ಫೋನಿಗೆ ಮುಗಿಬಿದ್ದರು.

"ಸಾಹೇಬ್ರ, ಇಕಿ ನಮ್ಮ ಓಣ್ಯಾಕಿನ ರಿ. ಹುಟ್ಟಿದಾಗಿಂದ ನೋಡೇವಿ, ಕಣ್ಣಿಗೆ ಖಾರ ಬಿದ್ದೈತಿ ಅಷ್ಟ!"

"ಹತ್ತನೇ ಕ್ಲಾಸಿನಾಗ ಗಣಿತ ಹೋಗಿತ್ರಿ, ಎರಡನೇ ಸಲಕ್ಕ ಪಾಸಾದ್ಳು!"

"ತಲಿಗೆ ಬಣ್ಣ ಹಚ್ಚತಾಳ್ರಿ!"

"ಗಂಡಗ ಅಂಜೂದಿಲ್ರಿ, ಹಲ್ಲಿಗೆ ಅಂಜತಾಳ!"

ನಾನು ಕೈ ಬೀಸಿ ಬೇಡವೆಂದೆ. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡರು.

"ಇವೆಲ್ಲಾ ಯಾರರೆ ಹೇಳಬಹುದ್ರಿ. ಪುರಾವೆ ಅಲ್ಲ," ಎಂದರು ಸಾಹೇಬರು.

ಅಜ್ಜಿ ಫೋನಿಗೆ ಬಾಯಿ ಹಚ್ಚಿದಳು. "ಅಂದ್ರ, 'ಮುಟ್ಟಿದರ ಮುನಿ' ಅಂತ ಇಕಿ ಅಡ್ಡಹೆಸರಿಟ್ಟಾಳಲ್ಲ, ಆ ಸಾಹೇಬ್ರು ನೀವ ಏನ್ರಿ? ಒಂದು ಮಾತು ಅಂದ್ರ ಮುನಿಸ್ಕೋತಾರ ಅಂತ ಇಕಿ ಅವ್ವ ದಿನಾ ಹೇಳತಿರತಾಳ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಆಗ ಸಾಹೇಬರ ದನಿ ಬಂತು. "ಆಫೀಸಿನಾಗ ಬೆನ್ನ ಹಿಂದ ಈ ಹೆಸರು ಕೇಳಿದ್ದೆ. ಇಟ್ಟವರು ಯಾರಂತ ಗೊತ್ತಿರಲಿಲ್ಲ. ಹೊರಗಿನವರಿಗೆ ಇದು ಗೊತ್ತಿರೂದಿಲ್ಲ, ಕುಂತವರು ಮೇಡಂ ಅವರ ಬಿಡ್ರಿ. ಐಡಿ ಬಂದ್ ಮಾಡೂದಿಲ್ಲ. ಕಣ್ಣು ತೊಳಕೊಂಡು ಮುಗಸ್ರಿ ಅಂತ ಹೇಳ್ರಿ."

ಯಾರೋ ತಂಬಿಗೆಯಲ್ಲಿ ತಣ್ಣೀರು ತಂದರು. ತೊಳೆದೇ ತೊಳೆದೆ. ಅಜ್ಜಿ ಖಾರದ ಕೈ ತಾಗಿಸದೆ, ಸೆರಗಿನ ಚುಂಗಿನಿಂದ ನನ್ನ ರೆಪ್ಪೆ ಅಗಲಿಸಿ ಹಿಡಿದಳು. ಮಷಿನ್ ಕಡೆಗೂ ಒಪ್ಪಿತು. ಅವಳ ಅರ್ಜಿ ಹೋಯಿತು. ಇನ್ನು ಅಕ್ಕಿ ಬರುತ್ತದೆ ಎಂದು ಅವಳಿಗೆ ಹೇಳಿದೆ.

ಸಾಹೇಬರು ಫೋನು ಇಟ್ಟಿರಲಿಲ್ಲ. ಅಜ್ಜಿ ಮತ್ತೆ ಅದರ ಕಡೆ ಬಾಗಿ, ಅವರಿಗೆ ಧೈರ್ಯ ಹೇಳಿದಳು.

"ಸಾಹೇಬ್ರ, ನೀವೇನು ಮನಸಿಗೆ ಹಚ್ಕೋಬ್ಯಾಡ್ರಿ. ಇದೆಲ್ಲಾ ಖಾಸಗಿ ವಿಷಯ ಅಂತ ನಮಗೂ ತಿಳೀತೈತಿ. ನಿಮ್ಮ ಹೆಸರು ಬ್ಯಾಡಗಿ ಬಿಟ್ಟು ಹೊರಗ ಹೋಗೂದಿಲ್ರಿ!"