ಮೈಕ್ರೋಮೀಟರ್ ಹಿಂಡಿದ ಪ್ರಸಂಗ

ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತೀರ್ಪು ಕೊಡುವ ಅಧಿಕಾರ ಮದುವೆಯಾದ ಲಾಗಾಯ್ತೂ ನನಗಿಲ್ಲ. ಹೆಚ್ಚಾಗಿದೆ ಎಂದರೆ ನನ್ನ ನಾಲಿಗೆ ಕೆಟ್ಟಿದೆ ಎಂದೇ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಅರ್ಥ. ಹಾಗಾಗಿಯೋ ಏನೋ, ತೊಂಬತ್ತರ ದಶಕದಲ್ಲಿ ಶಿರಾ ಗೇಟ್ ಆಚೆಯ ಒಂದು ಪುಟ್ಟ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಾಗ ಪಟ್ಟಾಭಿಷೇಕವಾದಷ್ಟು ಖುಷಿಪಟ್ಟೆ. ಉಕ್ಕಿನ ಪಿನ್ನುಗಳನ್ನು ದಪ್ಪ ಅಳೆಯುವ ಮೈಕ್ರೋಮೀಟರಿನಲ್ಲಿ ಹಿಡಿದು, ಕೂದಲೆಳೆಯ ಹತ್ತನೇ ಒಂದು ಪಾಲು ಸಣ್ಣಗಿದ್ದರೂ ರಿಜೆಕ್ಟ್ ಎಂದು ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಕೆಲಸ. ನನ್ನ ನಾಲಿಗೆಗಿಲ್ಲದ ಬೆಲೆ ಅಲ್ಲಿ ನನ್ನ ಬೆರಳಿಗಿತ್ತು. ಎದುರು ಮಾತಾಡುವವರು ಯಾರೂ ಇರಲಿಲ್ಲ.

ಈ ದರ್ಬಾರಿನ ಪೆಟ್ಟೆಲ್ಲ ಬೀಳುತ್ತಿದ್ದದ್ದು ಗಂಗಣ್ಣನ ಮೇಲೆ. ಗುಬ್ಬಿ ಕಡೆಯ ತೆಂಗಿನ ತೋಟದವನು. ನಮ್ಮಲ್ಲಿ ಲೇತ್ ಓಡಿಸಿ ಪಿನ್ನು ಮಾಡುತ್ತಿದ್ದವನು ಅವನೊಬ್ಬನೇ. ಅವನ ಪಿನ್ನುಗಳಲ್ಲಿ ಅರ್ಧಕ್ಕರ್ಧ ಕೆಂಪು ಡಬ್ಬ ಸೇರುತ್ತಿದ್ದವು. ಅದೇ ಕಾರಣಕ್ಕೆ ನಾಲ್ಕು ವರ್ಷವಾದರೂ ಅವನು ಪರ್ಮನೆಂಟ್ ಆಗಿರಲಿಲ್ಲ. ಈ ಸಲವೂ ರಿಜೆಕ್ಟ್ ಇಳಿಯದಿದ್ದರೆ ಅವನನ್ನು ಮನೆಗೆ ಕಳಿಸುವುದೇ ಸೈ ಎಂದು ಓನರ್ ಹೇಳಿಬಿಟ್ಟಿದ್ದರು. ನನಗೂ ಪಾಪ ಅನ್ನಿಸುತ್ತಿತ್ತು. ಆದರೆ ಮೈಕ್ರೋಮೀಟರ್ ಹೇಳಿದ್ದಕ್ಕೆ ನಾನೇನು ಮಾಡಲಿ ಎಂದು ಕೈ ತೊಳೆದುಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಪಿನ್ನು ಕೊಳ್ಳುತ್ತಿದ್ದ ಬೆಂಗಳೂರಿನ ಕಂಪನಿಯಿಂದ ಒಂದು ಕಾಗದ ಬಂತು. ಪಿನ್ನನ್ನು ಅಳೆಯುವುದಿರಲಿ, ಮೊದಲು ನಿಮ್ಮ ಅಳತೆಯೇ ಎಷ್ಟು ನೆಟ್ಟಗಿದೆ ಎಂದು ಪರೀಕ್ಷೆ ಮಾಡಿ ಎನ್ನುವುದು ಅದರ ಸಾರಾಂಶ. ಹತ್ತು ಪಿನ್ನು, ಮೂವರು ಜನ. ಒಬ್ಬೊಬ್ಬರೂ ಪ್ರತಿ ಪಿನ್ನನ್ನು ಮೂರು ಸಲ ಅಳೆಯಬೇಕು. ಒಬ್ಬನಿಗೆ ಮೂರು ಸಲವೂ ಒಂದೇ ಅಳತೆ ಬರುತ್ತದೆಯೇ, ಮೂವರ ಅಳತೆಯೂ ಹೊಂದುತ್ತದೆಯೇ ನೋಡಬೇಕು. ನಾನು, ಗಂಗಣ್ಣ, ಮೂರನೆಯವನಾಗಿ ಪ್ಯಾಕಿಂಗ್‌ನ ನಂಜೇಶ. ಯಡಿಯೂರಿನವನು, ಅತಿ ವಿನಯವಂತ. ನನ್ನೆದುರು ಕುರ್ಚಿಯಲ್ಲಿ ಪೂರ್ತಿ ಕೂತವನೇ ಅಲ್ಲ.

ಅಳೆದು ಮುಗಿಸಿ ಹಾಳೆ ನೋಡಿದರೆ ಗಂಗಣ್ಣನ ಮೂರೂ ಸಲದ ಅಳತೆ ಕೂದಲಷ್ಟೂ ಕದಲದೆ ಒಂದೇ. ನಂಜೇಶನದು ಎಲ್ಲದರಲ್ಲೂ ನನ್ನದಕ್ಕಿಂತ ಸರಿಯಾಗಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಕಡಿಮೆ. ಮೂವತ್ತಕ್ಕೆ ಮೂವತ್ತೂ ಹಾಗೇ. ನನ್ನ ಅಳತೆಯ ಸಾಲನ್ನು ನೋಡುವ ಅಗತ್ಯ ನನಗೆ ಕಾಣಲಿಲ್ಲ. ವಿಚಾರಿಸಿದಾಗ ಗಂಗಣ್ಣ ಅಳೆದದ್ದು ಒಂದೇ ಸಲ ಎಂದು ತಿಳಿಯಿತು. ರಾಶಿಯಲ್ಲಿರುವ ಕಾಯಿ ನೋಡಿ ಯಾವ ಮರದ್ದೆಂದು ಹೇಳುವ ಆಸಾಮಿ ಅವನು. ಹತ್ತು ಪಿನ್ನೂ ಅವನಿಗೆ ಮುಖಪರಿಚಯ. "ಇದು ತುದಿ ತರಚಿದ್ದು ಸಾರ್, ಬೆಳಗ್ಗೇನೇ ಅಳ್ದಿದೀನಿ. ಪಿನ್ನೇನು ಮಧ್ಯಾಹ್ನಕ್ಕೆ ದಪ್ಪ ಆಗ್ತದಾ?" ಎಂದ. ನಂಜೇಶನಂತೂ ಒಂದು ಸಲವೂ ಅಳೆದಿರಲಿಲ್ಲ, ನನ್ನ ಹಾಳೆಯನ್ನು ಇಣುಕಿದ್ದ. "ನಿಮ್ಮ ಸಮಕ್ಕೆ ಬರ್ದ್ರೆ ಚೆನ್ನಾಗಿರಲ್ಲ ಅಂತ ಒಂದು ಕಮ್ಮಿ ಹಾಕ್ದೆ ಸಾರ್" ಎಂದು ತಲೆ ತಗ್ಗಿಸಿದ.

ಆ ಹಾಳೆ ಬೆಂಗಳೂರು ತಲುಪಿದ ವಾರಕ್ಕೇ ಅಲ್ಲಿಂದ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಬಂದಿಳಿದರು. ಗಂಗಣ್ಣನ ಕಣ್ಣಿಗೆ ಟವೆಲ್ ಕಟ್ಟಿಸಿದರು. ಅವನು ಮೈಕ್ರೋಮೀಟರನ್ನು ತಿರುಗಿಸಿದರೆ ಸಾಕು, ಅಂಕಿ ಓದುವುದು ಅವರ ಕೆಲಸ. ಅವನೋ, ಪಿನ್ನನ್ನು ಸವರಿದವನೇ ಇದು ಏಳನೆಯದು ಮೇಡಂ ಎಂದು ಗುಟ್ಟಾಗಿ ಹೇಳಿ ಅವರನ್ನು ಬೆಚ್ಚಿಬೀಳಿಸಿದ. ನಂಜೇಶನನ್ನು ಸ್ಟೋರ್ ರೂಮಿನಲ್ಲಿ ಒಬ್ಬನೇ ಕೂರಿಸಿದರೆ, ಅವನು ಬಾಗಿಲ ಸಂದಿಯಿಂದ ಸಾರ್‌ಗೆ ಎಷ್ಟು ಬಂತು ಎಂದು ಕೇಳುತ್ತಲೇ ಇದ್ದ. ಯಾರೂ ಹೇಳದಿದ್ದಾಗ ಪಾಪ, ಬೇರೆ ದಾರಿಯಿಲ್ಲದೆ ಅಳೆದ.

ಸಂಜೆ ಓನರ್ ಎದುರಿಗೇ ಫಲಿತಾಂಶ ಬಂತು. ಕಣ್ಣು ಕಟ್ಟಿಕೊಂಡ ಗಂಗಣ್ಣನ ಅಳತೆಗೂ ಗಾಬರಿಯಾಗಿದ್ದ ನಂಜೇಶನ ಅಳತೆಗೂ ಸರಿಯಾಗಿ ತಾಳೆಯಾಗಿತ್ತು. ನನ್ನ ಕೈಯಲ್ಲಿ ಮಾತ್ರ ಅದೇ ಪಿನ್ನು ಬೆಳಗ್ಗೆ ದಪ್ಪ, ಊಟದ ಹೊತ್ತಿಗೆ ಸಣ್ಣ, ಆಫೀಸಿಗೆ ಹೆಂಡತಿಯ ಫೋನ್ ಬಂದು ಹೋದ ಮೇಲೆ ಇನ್ನೂ ಸಣ್ಣ. ಮೈಕ್ರೋಮೀಟರಿನ ತುದಿಯಲ್ಲಿ ಒಂದು ಪುಟ್ಟ ತಿರುಪಿದೆ. ಅದನ್ನು ಹಿಡಿದು ತಿರುಗಿಸಿ, ಕಟಕಟ ಎಂದಾಗ ನಿಲ್ಲಿಸಬೇಕು. ನಾನು ಅದನ್ನು ಅಲಂಕಾರಕ್ಕೆ ಇಟ್ಟದ್ದೆಂದು ತಿಳಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದೆ. ಹೆಚ್ಚು ಹಿಂಡಿದಷ್ಟೂ ಅಂಕಿ ಇಳಿಯುತ್ತಿತ್ತು. ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ ಗಂಗಣ್ಣನ ಪಿನ್ನು ಸೊರಗುತ್ತಿತ್ತು. ಕೆಂಪು ಡಬ್ಬ ಸುರಿದು ಅಳೆಸಿದರೆ ಮುಕ್ಕಾಲು ಪಾಲು ಚೆನ್ನಾಗಿಯೇ ಇದ್ದವು. ನಾಚಿಕೆಯಿಂದ ನನಗೆ ಗಂಗಣ್ಣನ ಮುಖ ನೋಡಲಾಗಲಿಲ್ಲ. ಅವನ ನಾಲ್ಕು ವರ್ಷ ನನ್ನ ಮುಷ್ಟಿಯಲ್ಲಿ ನುಗ್ಗಾಗಿತ್ತು.

ಓನರ್ ಅಲ್ಲೇ ಅವನನ್ನು ಪರ್ಮನೆಂಟ್ ಮಾಡಿದರು. ಆ ಹೆಣ್ಣುಮಗಳು ನನ್ನನ್ನೂ ಮರೆಯಲಿಲ್ಲ. ಅಳೆಯಲು ಕಲಿತಿದ್ದಾರೆ ಎಂದು ಗಂಗಣ್ಣ ಸಹಿ ಹಾಕುವ ತನಕ ಇವರು ಅವನ ಕೈಕೆಳಗೆ ಅಭ್ಯಾಸ ಮಾಡತಕ್ಕದ್ದು ಎಂದು ಬರೆದಿಟ್ಟು ಹೋದರು.

ಹದಿನೈದು ದಿನ ಕಳೆದ ಮೇಲೆ ಓನರ್ ಬಂದು, ಸಹಿ ಹಾಕ್ತೀಯೇನಪ್ಪ ಎಂದು ಗಂಗಣ್ಣನನ್ನು ಕೇಳಿದರು. ದೊಡ್ಡ ಮನಸ್ಸು, ಹಾಕಿಬಿಡುತ್ತಾನೆ ಎಂದು ನಾನು ಪೆನ್ನಿನ ಕ್ಯಾಪ್ ತೆಗೆದುಕೊಟ್ಟೆ. ಅವನು ನನ್ನ ಹಾಳೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿ, ಕ್ಯಾಪ್ ಹಾಕಿ ಪೆನ್ನನ್ನು ವಾಪಸ್ ಕೊಟ್ಟ.

"ಇನ್ನೊಂದ್ ತಿಂಗ್ಳು ಹೋಗ್ಲಿ ಸಾರ್. ಇವ್ರಿಗೆ ಕೈ ಪಳಗೈತೆ, ಕೋಪ ಇನ್ನೂ ಇಳ್ದಿಲ್ಲ."

ನನಗೆಲ್ಲಿದೆ ಕೋಪ ಎಂದು ನಾನು ಮೇಜು ಗುದ್ದಿ ಕೇಳಿದೆ. ಪಿನ್ನುಗಳೆಲ್ಲ ಉರುಳಿ ಕೆಳಗೆ ಬಿದ್ದವು. ಓನರ್ ಅವನ್ನು ದಾಟಿಕೊಂಡು ಹೊರಟುಹೋದರು. ನಾನು ಮೇಜಿನಡಿ ತೂರಿ ಹತ್ತನ್ನೂ ಹೆಕ್ಕಿಕೊಂಡು ಬಂದು, ಮೊದಲನೆಯದರಿಂದ ಮತ್ತೆ ಅಳೆಯಲು ಕೂತೆ.