ಕಣಿವೆಯಲ್ಲೊಂದು ಹೊಸ ಕೆರೆ

ಮಡಿಸಿದ ಗೆರೆಗಳು ಹೋಗಲೆಂದು ಏಕಾಂತಯ್ಯ ಕಾಲೇಜಿನ ನಕ್ಷೆಯನ್ನು ಮನೆಗೆ ತಂದು ಹಾಸಿಗೆಯಡಿ ಇಟ್ಟಿದ್ದೇ ತಪ್ಪಾಯಿತು.

ಅವರು ಶೇಷಾದ್ರಿಪುರಂನ ಕಾಲೇಜೊಂದರ ಭೂಗೋಳ ವಿಭಾಗದ ಅಟೆಂಡರ್. ನಕ್ಷೆ ನೂರು ವರ್ಷ ಹಳೆಯದು, ಘಟ್ಟದ ಒಂದು ಹೊಳೆ ಕಣಿವೆಯದು. ತಿಂಗಳ ಕೊನೆಗೆ ನಿವೃತ್ತಿ. ವಿಭಾಗದ ಸಾಮಾನೆಲ್ಲ ಸರಿಯಿದೆ ಎಂದು ವಿಭಾಗದ ಮುಖ್ಯಸ್ಥ ಕೇದಾರ್ ಮೇಷ್ಟ್ರು ಸಹಿ ಹಾಕಿದರೆ ಪಿಂಚಣಿ, ಇಲ್ಲದಿದ್ದರೆ ಓಡಾಟ. ಬೆಳಿಗ್ಗೆಯೇ ಮೇಷ್ಟ್ರ ಫೋನ್ ಬಂತು: “ಪಟ್ಟೀಲಿ ಹಳೇ ನಕ್ಷೆ ಒಂದು ಬಾಕಿ ಇದೆ, ನಾಲ್ಕು ಗಂಟೆಗೆ ಅದು ನನ್ನ ಟೇಬಲ್ ಮೇಲಿರ್ಬೇಕು.”

ಹಾಸಿಗೆಯಡಿ ನಕ್ಷೆಯಿರಲಿಲ್ಲ. ನಡುಮನೆಯಲ್ಲಿ, ದಸರಾ ಗೊಂಬೆಗಳ ಕೆಳಗಿತ್ತು.

“ಬೆಟ್ಟ, ಹೊಳೆ ಎಲ್ಲಾ ಬರ್ದೇ ಇತ್ತಲ್ರೀ, ಗೊಂಬೆ ಪಾರ್ಕಿಗೆ ಹಾಸ್ದೆ,” ಎಂದರು ಹೆಂಡತಿ ಗುರುಬಸಮ್ಮ.

ಮೂರೇ ದಿನದಲ್ಲಿ ಕಣಿವೆ ಬಹಳ ಅಭಿವೃದ್ಧಿಯಾಗಿತ್ತು. ಎದುರು ಮನೆಯವರು ಸೇತುವೆ ಕೊಟ್ಟಿದ್ದರು, ಮೇಲಿನ ಮನೆಯವರು ಎರಡು ರೆಸಾರ್ಟು, ಒಂದು ವಿಮಾನ. ಹುಲಿಯೊಂದು ಕಡೇ ಬಸ್ಸು ತಪ್ಪಿಸಿಕೊಂಡ ಗುಮಾಸ್ತನ ಹಾಗೆ ರಸ್ತೆ ಬದಿ ನಿಂತಿತ್ತು.

ಏಕಾಂತಯ್ಯ ಹುಲಿಗೆ ಕೈಹಾಕಿದರು.

“ಮುಟ್ಬೇಡಿ ಅಣ್ಣಾ!” ಪಕ್ಕದ ಮನೆ ಮುತ್ಯಾಲಮ್ಮ ಬಾಗಿಲಲ್ಲೇ ಇದ್ದರು. “ಆರತಿ ಆದ್ಮೇಲೆ ವಿಜಯದಶಮಿವರ್ಗೂ ಗೊಂಬೆ ಅಲ್ಲಾಡಿಸ್ಬಾರ್ದು.”

“ಅಲ್ಲಾಡಿಸ್ದಿದ್ರೆ ನನ್ನ ಪಿಂಚಣಿ ಅಲ್ಲಾಡುತ್ತೆ ಕಣಮ್ಮಾ.”

ಬೀದಿಯ ಹೆಂಗಸರು ಸೇರಿದರು. ಮೂರು ಗಂಟೆಯವರೆಗೆ ಚರ್ಚೆ, ನಡುವೆ ಕಡಲೆಕಾಳಿನ ಉಸಲಿ. ಕೊನೆಗೆ ಮುತ್ಯಾಲಮ್ಮನೇ ದಾರಿ ಹುಡುಕಿದರು: “ಯಾತ್ರೆಗೆ ಹೊರಡಿಸೋಣ. ಯಾತ್ರೆಗೆ ಹೋದ್ರೆ ದೋಷ ಇಲ್ಲ.”

ಹುಲಿ, ವಿಮಾನ, ರೆಸಾರ್ಟುಗಳೆಲ್ಲ ತಟ್ಟೆಗಳಲ್ಲಿ ಕೂತು, ಹಾಡು ಹೇಳಿಸಿಕೊಳ್ಳುತ್ತ ಬೀದಿ ಕೊನೆಯ ಗಣಪತಿ ಗುಡಿಗೆ ಹೊರಟವು. ನಕ್ಷೆ ಕೈಗೆ ಬಂತು. ಹೊಳೆಯ ತಿರುವಿನಲ್ಲಿ ಅಂಗೈಯಗಲ ನೀಲಿ ಕಲೆ.

“ಅದು ನನ್ ಕೆರೆ,” ಎಂದರು ಬಾತುಕೋಳಿಗಳ ತಟ್ಟೆ ಹಿಡಿದಿದ್ದ ಮುತ್ಯಾಲಮ್ಮ. “ರಂಗೋಲಿಗೆ ನೀರು ಚಿಮುಕಿಸಿ ಮಾಡ್ದೆ. ಇವನ್ನ ಎಲ್ಲಿ ಬಿಡೋದು ಮತ್ತೆ?”

ಏಕಾಂತಯ್ಯ ನಿಂಬೆಹಣ್ಣು ಉಜ್ಜಿದರು. ಕಲೆ ಹೋಗಲಿಲ್ಲ, ಮಾಸಿ ಅದಕ್ಕೂ ನಕ್ಷೆಯಷ್ಟೇ ವಯಸ್ಸಾಯಿತು ಅಷ್ಟೆ.

ನಾಲ್ಕು ಗಂಟೆಗೆ ಕೇದಾರ್ ಮೇಷ್ಟ್ರು ನಕ್ಷೆಯ ಮೇಲೆ ಭೂತಕನ್ನಡಿ ಹಿಡಿದರು.

“ಏಕಾಂತಯ್ಯ, ಕೆರೆ!”

“ಸಾರ್, ಅದು...”

“ಇಲ್ಲೊಂದು ಕೆರೆ ಇತ್ತು, ಮುಚ್ಚಿ ರೆಸಾರ್ಟ್ ಕಟ್ಟಿದಾರೆ ಅಂತ ಹತ್ತು ವರ್ಷದಿಂದ ಕೇಸ್ ನಡೆಸ್ತಿದೀನಿ. ಸಾಕ್ಷಿ ನಮ್ಮ ಬೀರುವಿನಲ್ಲೇ ಇತ್ತು, ನಾನು ಬಿಚ್ಚೇ ನೋಡಿರ್ಲಿಲ್ಲ!” ಮೇಷ್ಟ್ರು ಪೆನ್ನು ತೆಗೆದರು. ಸಹಿ ಹಾಕುವ ಮೊದಲು ಏನೋ ಹೊಳೆದು ಅದನ್ನು ಜೇಬಿಗೇ ಸಿಕ್ಕಿಸಿಕೊಂಡರು. “ಮೂವತ್ತು ವರ್ಷ ಇದನ್ನ ಕಾಪಾಡಿದೋರು ನೀವು. ನಾಳೆ ಕೋರ್ಟಲ್ಲಿ, ಕೆರೆ ಮೊದ್ಲಿಂದ್ಲೂ ಇತ್ತು ಅಂತ ಪ್ರಮಾಣ ಮಾಡಿ ಹೇಳ್ಬಿಡಿ. ಬಂದ್ಮೇಲೆ ಸಹಿ ಹಾಕ್ತೀನಿ.”

ಏಕಾಂತಯ್ಯ ಮನೆಗೆ ಬಂದಾಗ ಗೊಂಬೆಗಳೂ ಯಾತ್ರೆ ಮುಗಿಸಿ ಬಂದಿದ್ದವು.

“ನನ್ ಕೆರೆಗೆ ಏನಂದ್ರು?” ಎಂದರು ಮುತ್ಯಾಲಮ್ಮ.

“ನಾಳೆ ಕೋರ್ಟಿಗೆ ಹೋಗುತ್ತೆ.”

ಮುತ್ಯಾಲಮ್ಮ ಸ್ವಲ್ಪ ಯೋಚಿಸಿ ತಟ್ಟೆ ಮುಂದೆ ಚಾಚಿದರು. “ಹಂಗಾದ್ರೆ ಬಾತುಕೋಳೀನೂ ತಗೊಂಡ್ಹೋಗಿ ಅಣ್ಣಾ, ಸಾಕ್ಷಿಗೆ ಇರ್ಲಿ.”